ಕ್ಯಾಮೆರಾ ಚೀಲ ಪುರಾಣ

ಕಳೆದ ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಕೂಟಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ತಟ್ಟೆ ಹಿಡಿದುಕೊಂಡು ಹತ್ತಿರ ಬಂದ. ಮಗು ಹುಟ್ಟಿದ ಸಂತೋಷಕ್ಕೆ ಒಳ್ಳೆಯ ಕ್ಯಾಮೆರಾ ಕೊಂಡಿದ್ದಾನಂತೆ, ಜೊತೆಗೆ ಮೂರು ಲೆನ್ಸು. "ಅಂಕಲ್, ಆಂಟಿ, ಡಿಸೆಂಬರಿಗೆ ಊರಿಗೆ ಹೊರಟಿದ್ದೀವಿ. ಎಲ್ಲಾ ಹಿಡಿಸೋ ಅಂಥ ಒಂದು ಚೀಲ ಹೇಳಿ" ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಪಾಪ, ಅವನಿಗೆ ನಾವು ಯಾಕೆ ನಕ್ಕೆವೆಂದು ತಿಳಿಯಲಿಲ್ಲ. ಪಕ್ಕದಲ್ಲೇ ಚಿತ್ರಾನ್ನ ಬಡಿಸಿಕೊಳ್ಳುತ್ತಿದ್ದ ನಮ್ಮ ಸಂಪಾದಕರು, "ಅವನಿಗೆ ಹೇಳೋದನ್ನ ನಮ್ಮೆಲ್ಲರಿಗೂ ಬರೆದು ಕೊಡಿ" ಎಂದು ಅಲ್ಲೇ ಅಪ್ಪಣೆ ಕೊಡಿಸಿಬಿಟ್ಟರು.

ಆದ್ದರಿಂದ ಈ ಲೇಖನ. ಇದನ್ನು ನಾವಿಬ್ಬರೂ ಕೂತು ಬರೆದಿದ್ದೇವೆ. ನಮ್ಮಲ್ಲಿ ಒಬ್ಬರಿಗೆ ಕ್ಯಾಮೆರಾ ಹುಚ್ಚು. ಇನ್ನೊಬ್ಬರಿಗೆ ಆ ಹುಚ್ಚನ್ನು ಹೊರುವ ಕೆಲಸ. ಯಾರು ಯಾವುದೆಂದು ಊಹಿಸುವುದನ್ನು ನಿಮಗೇ ಬಿಟ್ಟಿದ್ದೇವೆ. ಮೂವತ್ತು ವರ್ಷಗಳಲ್ಲಿ ನಾವು ಐದು ಚೀಲ ಕಂಡೆವು. ಅದರಲ್ಲಿ ಮೂರು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿವೆ. "ಎಲ್ಲಾ ಹಿಡಿಸುವ ಚೀಲ" ಎಂಬ ಆ ಒಂದು ಮಾತಿಗೆ ನಾವು ತೆತ್ತ ಬೆಲೆ ಏನೆಂದು ಮುಂದೆ ಓದಿ.

ಮೊದಲನೆಯ ಚೀಲಕ್ಕೆ ನಾವು ಒಂದು ಕಾಸೂ ಕೊಡಲಿಲ್ಲ. 1992ರಲ್ಲಿ ಒಂದು ಹಳೆಯ ಪೆಂಟಾಕ್ಸ್ ಕೆ1000 ಕೊಂಡೆವು. ಅದನ್ನು ಟವಲಿನಲ್ಲಿ ಸುತ್ತಿ, ಊರಿನಿಂದ ಬಂದಿದ್ದ ತಾಂಬೂಲದ ಚೀಲದಲ್ಲಿ ಹಾಕಿಕೊಂಡು ತಿರುಗುತ್ತಿದ್ದೆವು. ಒಂದು ಕಡೆ ಗಣಪತಿ, ಇನ್ನೊಂದು ಕಡೆ ವಧೂವರರ ಹೆಸರು. ನಯಾಗರಾ ನೋಡಿದ್ದೂ ಆ ಚೀಲದಲ್ಲೇ, ಗ್ರ್ಯಾಂಡ್ ಕ್ಯಾನಿಯನ್ ನೋಡಿದ್ದೂ ಆ ಚೀಲದಲ್ಲೇ. ಅದರೊಳಗೆ ಕ್ಯಾಮೆರಾ ಇದೆಯೆಂದು ಯಾವ ಕಳ್ಳನಿಗೂ ಹೊಳೆಯುವಂತಿರಲಿಲ್ಲ. ಈಗ ಯೋಚಿಸಿದರೆ ಅದರ ಬುದ್ಧಿವಂತಿಕೆ ನಮಗೆ ಮುಂದಿನ ಮೂರು ಚೀಲಗಳಲ್ಲಿ ಇರಲಿಲ್ಲ. ಫೋಟೋ ತೆಗೆಯುವುದೇ ಹೊಟ್ಟೆಪಾಡಾದ ಅನೇಕರು ಇವತ್ತಿಗೂ ಮಕ್ಕಳ ಡಯಾಪರ್ ಇಡುವ ಚೀಲದಲ್ಲಿ ಲೆನ್ಸು ಇಟ್ಟುಕೊಂಡು ಓಡಾಡುತ್ತಾರೆ. ಕಂಪನಿಯ ಹೆಸರನ್ನು ದೊಡ್ಡದಾಗಿ ಹೊಲಿದ ಕಪ್ಪು ಚೀಲ "ನನ್ನೊಳಗೆ ಸಾವಿರಾರು ಡಾಲರಿನ ಸಾಮಾನಿದೆ" ಎಂದು ಡಂಗುರ ಹೊಡೆದ ಹಾಗೆ.

ಮಕ್ಕಳು ಕಾಲೇಜಿಗೆ ಹೋದ ಮೇಲೆ ನಮಗೆ ಹಕ್ಕಿಗಳ ಹುಚ್ಚು ಹಿಡಿಯಿತು. ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ಓದಿದವರಿಗೆ ಅದು ಒಂದಲ್ಲ ಒಂದು ದಿನ ಹಿಡಿಯುವ ಹುಚ್ಚೇ. ಹಕ್ಕಿಯ ಹುಚ್ಚು ಎಂದರೆ ಲೆನ್ಸಿನ ಹುಚ್ಚು. ಲೆನ್ಸಿನ ಹುಚ್ಚು ಎಂದರೆ ಭಾರದ ಹುಚ್ಚು. ಎರಡನೆಯ ಚೀಲ ಬಂದದ್ದು ಆಗ. ಹೆಗಲಿಗೆ ನೇತುಹಾಕಿಕೊಳ್ಳುವ ದೊಡ್ಡ ಪೆಟ್ಟಿಗೆಯಂಥ ಚೀಲ, ಕತ್ತರಿಸಿದ ಕೇಕಿನ ಹಾಗೆ ಒಳಗೆಲ್ಲ ಸ್ಪಂಜಿನ ಗೋಡೆಗಳು.

ಚಳಿಗಾಲದಲ್ಲಿ ನಮ್ಮ ಕಡೆಯವರು ಅನೇಕರು ಮಿಸಿಸಿಪ್ಪಿ ನದಿಯ ದಂಡೆಗೆ ಹದ್ದು ನೋಡಲು ಹೋಗುತ್ತಾರೆ. ಐಯೋವಾದ ಲೆ ಕ್ಲೇರ್ ಹತ್ತಿರ 14ನೆಯ ನಂಬರಿನ ಅಣೆಕಟ್ಟು ಇದೆ. ನದಿ ಹೆಪ್ಪುಗಟ್ಟಿದರೂ ಕಟ್ಟೆಯ ಕೆಳಗೆ ನೀರು ಹರಿಯುತ್ತಲೇ ಇರುವುದರಿಂದ, ಬಿಳಿ ತಲೆಯ ಹದ್ದುಗಳು ಮೀನಿಗಾಗಿ ಅಲ್ಲಿಗೆ ಬರುತ್ತವೆ. ಅಲ್ಲಿ ಒಂದು ಜನವರಿಯಲ್ಲಿ ಆ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡು ಇಡೀ ದಿನ ಹಿಮದಲ್ಲಿ ನಿಂತದ್ದಕ್ಕೆ, ನಮ್ಮಲ್ಲಿ ಒಬ್ಬರ ಬಲಭುಜ ಮೂರು ತಿಂಗಳು ಕೈಕೊಟ್ಟಿತು. ತಲೆ ಬಾಚಲು ಕೈ ಎತ್ತುವಂತಿಲ್ಲ, ಮೇಲಿನ ಶೆಲ್ಫಿನಿಂದ ಹುಳಿಪುಡಿಯ ಡಬ್ಬಿ ಇಳಿಸುವಂತಿಲ್ಲ. ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿ ಮಹಾತಾಯಿ, "ಭಾರ ಹೊರುವುದು ಹೆಗಲಿನ ಕೆಲಸವಲ್ಲ, ಸೊಂಟದ ಕೆಲಸ" ಎಂದರು. ನೀರಿನ ಕೊಡವನ್ನು ಸೊಂಟದ ಮೇಲೆ ಹೊತ್ತ ನಮ್ಮ ಅಜ್ಜಿಯಂದಿರಿಗೆ ಅದು ಮೊದಲೇ ಗೊತ್ತಿತ್ತು, ಅಲ್ಲವೇ?

ಅದೇ ಅಣೆಕಟ್ಟೆಯಲ್ಲಿ ಇನ್ನೊಂದು ಪಾಠವಾಯಿತು. ಸೊನ್ನೆಗಿಂತ ಕೆಳಗಿನ ಚಳಿಯಿಂದ ಸೀದಾ ಬೆಚ್ಚಗಿನ ಹೋಟೆಲಿಗೆ ಬಂದು, ಚಿತ್ರ ನೋಡುವ ಆತುರಕ್ಕೆ ಕ್ಯಾಮೆರಾ ಹೊರತೆಗೆದೆವು. ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಪಾತ್ರೆಯ ಹಾಗೆ ಅದರ ಮೈಯೆಲ್ಲ ಬೆವರಿತು. ತಣ್ಣಗಿರುವ ಲೋಹ, ಗಾಜಿನ ಮೇಲೆ ಕೋಣೆಯ ಗಾಳಿಯ ತೇವ ನೀರಾಗಿ ಕೂಡುತ್ತದೆ. ಅದು ಒಳಗೂ ಸೇರಿದರೆ ಕೆಲಸ ಕೆಟ್ಟಿತು. ಚೀಲದ ಜಿಪ್ ತೆಗೆಯದೆ ಒಂದೆರಡು ಗಂಟೆ ಮೂಲೆಯಲ್ಲಿ ಇಟ್ಟರೆ ಒಳಗಿನ ಸಾಮಾನು ನಿಧಾನವಾಗಿ ಬಿಸಿಯಾಗುತ್ತದೆ, ಬೆವರುವುದಿಲ್ಲ. ದಪ್ಪ ಸ್ಪಂಜಿನ ಒಳ್ಳೆಯ ಚೀಲ ಇಲ್ಲಿ ಕಂಬಳಿಯ ಕೆಲಸ ಮಾಡುತ್ತದೆ. ಮಂಗಳೂರಿನಲ್ಲಿ ಎಸಿ ಕಾರಿನಿಂದ ಇಳಿಯುವಾಗಲೂ ಇದೇ ಕಥೆ.

ಭುಜ ಸರಿಹೋದ ಮೇಲೆ ನಮಗೆ ಇನ್ನೊಂದು ಯೋಚನೆ ಬಂತು. ಹೊರುವುದೇ ಬೇಡ, ಉರುಳಿಸಿಕೊಂಡು ಹೋದರಾಯಿತು! ಮೂರನೆಯ ಚೀಲಕ್ಕೆ ಚಕ್ರಗಳಿದ್ದವು. ವಿಮಾನದ ತಲೆಮೇಲಿನ ಗೂಡಿಗೆ ಸರಿಯಾಗಿ 22 ಇಂಚು ಉದ್ದ, 14 ಇಂಚು ಅಗಲ, 9 ಇಂಚು ದಪ್ಪ. ಗಟ್ಟಿ ಮೈ, ಬೀಗ, ಎಳೆಯುವ ಹಿಡಿ, ಎಲ್ಲ ಇತ್ತು. ಅದನ್ನು ತಂದ ದಿನ ನಮ್ಮಲ್ಲಿದ್ದ ಸಾಮಾನೆಲ್ಲ ಅದರೊಳಗೆ ಕೂತಿತು. ಇನ್ನೂ ಒಂದು ಖಾನೆ ಖಾಲಿ ಉಳಿಯಿತು! ಖಾಲಿ ಖಾನೆ ಎಂದರೆ ಏನೆಂದು ನಿಮಗೆ ಗೊತ್ತಲ್ಲ. ಊರಿಗೆ ಹೊರಡುವಾಗ ಸೂಟ್‌ಕೇಸಿನಲ್ಲಿ ಉಳಿದ ಮೂಲೆಗೆ ಬಾದಾಮಿ ಪೊಟ್ಟಣ ತುರುಕುವ ಹಾಗೆ, ಅದನ್ನೂ ತುಂಬುವವರೆಗೆ ಜೀವಕ್ಕೆ ಸಮಾಧಾನವಿಲ್ಲ. ಅಲ್ಲಿಗೆ ಇನ್ನೊಂದು ಕ್ಯಾಮೆರಾ ಬಂದು ಕೂತಿತು.

ಈಗ ಮುಖ್ಯ ಕಥೆಗೆ ಬರುತ್ತೇವೆ. ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿದ್ದ ಹಿರಿಯರು ನಮ್ಮಲ್ಲಿ ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಮಾವ. ಇಲ್ಲಿ ಅಪ್ಪ ಎಂದೇ ಬರೆಯುತ್ತೇವೆ. 2018ರಲ್ಲಿ ಅವರಿಗೆ 86 ವರ್ಷ. ಆ ಚಳಿಗಾಲದ ಅಡಿಕೆ ಕೊಯ್ಲು ಮುಗಿದ ಮೇಲೆ ತೋಟವನ್ನೂ ಮನೆಯನ್ನೂ ಕೊಟ್ಟು, ಶಿವಮೊಗ್ಗದಲ್ಲಿರುವ ಮಗನ ಮನೆಗೆ ಬಂದಿರುವುದೆಂದು ತೀರ್ಮಾನವಾಗಿತ್ತು. ಆ ಮನೆಯಲ್ಲಿ ಅವರದು ಅದೇ ಕೊನೆಯ ಕೊಯ್ಲು. ಅಪ್ಪನನ್ನೂ ಮನೆಯನ್ನೂ ಒಟ್ಟಿಗೆ ಫೋಟೋ ತೆಗೆದಿಟ್ಟುಕೊಳ್ಳಬೇಕು ಎಂಬುದೇ ನಮ್ಮ ಪ್ರಯಾಣದ ಉದ್ದೇಶ. ಹೇಗೂ ಹೋಗುತ್ತೇವಲ್ಲ, ತೋಟದ ಹಕ್ಕಿಗಳನ್ನೂ, ಬರುವಾಗ ರಂಗನತಿಟ್ಟನ್ನೂ ಮುಗಿಸಿಕೊಂಡು ಬಂದರಾಯಿತು ಎಂದು ಚಕ್ರದ ಚೀಲ ತುಂಬಿದೆವು.

ಏನೇನು ತುಂಬಿದೆವು ಕೇಳಿ. ನಿಕಾನ್ ಡಿ850 ಕ್ಯಾಮೆರಾ 1005 ಗ್ರಾಂ. ಡಿ750 ಕ್ಯಾಮೆರಾ 840 ಗ್ರಾಂ. ಹಕ್ಕಿಗೆಂದು 200-500 ಲೆನ್ಸು 2300 ಗ್ರಾಂ. 24-70 ಲೆನ್ಸು 1070 ಗ್ರಾಂ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ 50ರ ಸಣ್ಣ ಲೆನ್ಸು 185 ಗ್ರಾಂ. ಒಟ್ಟು 5 ಕಿಲೋ 400 ಗ್ರಾಂ. ಚಾರ್ಜರು, ಬ್ಯಾಟರಿ, ವೈರು ಸೇರಿ ಆರು ಕಿಲೋ ಎನ್ನಿ. ಈ ಲೆಕ್ಕವನ್ನು ನಾವು ಹೊರಡುವ ಮೊದಲು ಹಾಕಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ. ನಾವು ಅಳೆದದ್ದು ಇಂಚಿನಲ್ಲಿ, ತೂಗಲಿಲ್ಲ. ಆ ಚಕ್ರದ ಚೀಲ ಬರಿದೇ ನಾಲ್ಕೂವರೆ ಕಿಲೋ ಇತ್ತು!

ಅಮೆರಿಕದ ಒಳಗೆ ಹಾರಾಡುವ ನಮಗೆ ಕೈಚೀಲವೆಂದರೆ ಅಳತೆಯೇ ಮುಖ್ಯ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಅದನ್ನು ತೂಗುವುದಿಲ್ಲ. ಊರಿಗೆ ಹೋಗುವ ಅನೇಕ ವಿಮಾನಗಳಲ್ಲಿ ಎಕಾನಮಿ ಪ್ರಯಾಣಿಕರ ಕೈಚೀಲಕ್ಕೆ 7 ಕಿಲೋ ಮಿತಿ. ಶಿಕಾಗೋದಲ್ಲಿ ಯಾರೂ ಕೇಳಲಿಲ್ಲ. ದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ, ಹತ್ತುವ ಬಾಗಿಲಲ್ಲೇ ಒಂದು ತಕ್ಕಡಿ ಇಟ್ಟುಕೊಂಡು ಕೂತಿದ್ದರು. ನಮ್ಮ ಚೀಲ ಇಟ್ಟಾಗ ಮುಳ್ಳು 10 ಕಿಲೋ 600 ತೋರಿಸಿತು. ಅತ್ತರೂ ಇಲ್ಲ, ಕರೆದರೂ ಇಲ್ಲ. ಚೀಲವನ್ನು ಕೆಳಗೆ ಹಾಕಲೇಬೇಕು ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು.

ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೆಳಗೆ ಹೋಗುವ ಸಾಮಾನಿನಲ್ಲಿ ಇಡುವಂತಿಲ್ಲ. ಬೆಂಕಿ ಹತ್ತಿದರೆ ನೋಡುವವರಿಲ್ಲ ಎಂಬ ಕಾರಣಕ್ಕೆ ಆ ನಿಯಮ. ಬಾಗಿಲಲ್ಲಿ ಚೀಲ ಕಿತ್ತುಕೊಂಡಾಗಲೂ ಅವನ್ನು ತೆಗೆದಿಟ್ಟುಕೊಳ್ಳಬೇಕು. ಆ ಗಡಿಬಿಡಿಯಲ್ಲಿ ಬ್ಯಾಟರಿ ತೆಗೆಯಲು ಜಿಪ್ ಎಳೆದಾಗ, ನಮ್ಮಲ್ಲಿ ಒಬ್ಬರು ಕೈಗೆ ಸಿಕ್ಕಿದ ಡಿ750 ಕ್ಯಾಮೆರಾವನ್ನೂ, ಅದಕ್ಕೆ ಸಿಕ್ಕಿಸಿದ್ದ ಆ 50ರ ಲೆನ್ಸನ್ನೂ ತೆಗೆದು, ಔಷಧಿ ಮತ್ತು ಚಪಾತಿ ಪೊಟ್ಟಣ ಇದ್ದ ಸಣ್ಣ ಕೈಚೀಲದೊಳಗೆ ಶಾಲಿನಲ್ಲಿ ಸುತ್ತಿ ಇಟ್ಟರು. "ಅದನ್ನಲ್ಲ, ದೊಡ್ಡದನ್ನ ತೆಗೀಬೇಕಿತ್ತು" ಎಂದು ಇನ್ನೊಬ್ಬರು ವಿಮಾನದಲ್ಲಿ ನಾಲ್ಕು ಗಂಟೆ ಗೊಣಗಿದರು. ಈಗ ಅವರು ಗೊಣಗುವುದಿಲ್ಲ.

ಬೆಂಗಳೂರಿನಲ್ಲಿ ಚೀಲ ಬೆಲ್ಟಿನ ಮೇಲೆ ಬಂತು. ಒಂದು ಚಕ್ರ ಇರಲಿಲ್ಲ. ಹೊರಗೆ ಬೇರೇನೂ ಕಾಣಲಿಲ್ಲವಾದ್ದರಿಂದ, ಕಾದಿದ್ದ ಕಾರು ಹತ್ತಿ ಹೊರಟುಬಿಟ್ಟೆವು. ಮರುದಿನ ಹಳ್ಳಿಯ ಜಗುಲಿಯಲ್ಲಿ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಹಕ್ಕಿಯ ಲೆನ್ಸು ಅಲ್ಲಾಡಿಸಿದರೆ ಗೆಜ್ಜೆಯ ಹಾಗೆ ಶಬ್ದ ಮಾಡುತ್ತಿತ್ತು. ಕ್ಯಾಮೆರಾದ ಮುಂದಿನ ಲೋಹದ ಉಂಗುರ ಸೊಟ್ಟಗಾಗಿತ್ತು.

ಇದರಲ್ಲಿ ನಮ್ಮ ತಪ್ಪೂ ಇತ್ತು, ಮುಚ್ಚಿಡುವುದಿಲ್ಲ. ಹಕ್ಕಿ ಕಂಡ ಕೂಡಲೇ ತೆಗೆಯಲು ಸಿದ್ಧವಾಗಿರಲಿ ಎಂದು ಆ ಉದ್ದನೆಯ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿಯೇ ಇಟ್ಟಿದ್ದೆವು. ಎರಡು ಕಿಲೋಗಿಂತ ಹೆಚ್ಚು ಭಾರದ ಉದ್ದ ಲೆನ್ಸು ಸನ್ನೆಕೋಲಿನ ಹಾಗೆ. ಚೀಲ ಬಿದ್ದಾಗ ಆ ಏಟೆಲ್ಲ ಎರಡನ್ನೂ ಕೂಡಿಸುವ ಆ ಒಂದು ಉಂಗುರದ ಮೇಲೆ, ಅದರ ಸಣ್ಣ ತಿರುಪುಗಳ ಮೇಲೆ ಬೀಳುತ್ತದೆ. ಬಿಚ್ಚಿ, ಬೇರೆಬೇರೆ ಖಾನೆಯಲ್ಲಿ, ಒಂದಕ್ಕೊಂದು ತಾಗದ ಹಾಗೆ ಇಟ್ಟಿದ್ದರೆ ಕ್ಯಾಮೆರಾವಾದರೂ ಉಳಿಯುತ್ತಿತ್ತೇನೋ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಇದನ್ನು ಮಾತ್ರ ಎಲ್ಲ ಸದಸ್ಯರೂ ನೆನಪಿಟ್ಟುಕೊಳ್ಳಿ, ಕ್ಯಾಮೆರಾ ಇಲ್ಲದವರೂ ಕೂಡ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಹಾಳಾದರೆ, ಅದು ಕೈಗೆ ಬಂದ 7 ದಿನದೊಳಗೆ ವಿಮಾನ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. 1999ರ ಮಾಂಟ್ರಿಯಲ್ ಒಪ್ಪಂದದ ನಿಯಮ ಅದು. ವಿಮಾನ ನಿಲ್ದಾಣ ಬಿಡುವ ಮೊದಲೇ ಕೊಡುವುದು ಇನ್ನೂ ಉತ್ತಮ. ನಾವು ಹಳ್ಳಿಯಲ್ಲಿ ಕೂತು, ಬೆಂಗಳೂರಿಗೆ ಹೋದ ಮೇಲೆ ನೋಡಿಕೊಂಡರಾಯಿತೆಂದು ಹನ್ನೆರಡನೆಯ ದಿನ ಕಾಗದ ಬರೆದೆವು. ವಾಯಿದೆ ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಪ್ಪ ಜಗುಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಒಡೆದ ಲೆನ್ಸನ್ನು ಕೈಗೆ ತೆಗೆದುಕೊಂಡು, ತೆಂಗಿನಕಾಯಿ ಪರೀಕ್ಷೆ ಮಾಡುವ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಆಮೇಲೆ, "ಎಂತ ಮಾರಾಯ್ರೇ, ಇಷ್ಟು ಭಾರ ಹೊತ್ತುಕೊಂಡು ಅಲ್ಲಿಂದ ಬಂದದ್ದು ನನ್ನ ಮುಖ ತೆಗೀಲಿಕ್ಕಾ? ನಾನೇನು ಅಷ್ಟು ದೂರ ಕೂತಿದ್ದೀನಾ?" ಎಂದರು. ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಕೂತಿದ್ದದ್ದು ನಮ್ಮಿಂದ ಆರು ಅಡಿ ದೂರದಲ್ಲಿ.

ಆ ಹತ್ತು ದಿನ ನಮ್ಮ ಕೈಲಿದ್ದದ್ದು ಶಾಲಿನಲ್ಲಿ ಸುತ್ತಿ ತಂದ ಕ್ಯಾಮೆರಾ, ಅದರ 50ರ ಲೆನ್ಸು, ಇಷ್ಟೇ. ಎರಡೂ ಸೇರಿ ಒಂದು ಕಿಲೋಗೆ ಇಪ್ಪತ್ತೈದು ಗ್ರಾಂ ಜಾಸ್ತಿ. ಮಲೆನಾಡಿನ ಮನೆಯ ಒಳಗೆ ಹಗಲಲ್ಲೂ ಅರೆಗತ್ತಲೆ ಎಂಬುದು ಆ ಕಡೆಯವರಿಗೆ ಗೊತ್ತು. ರಾತ್ರಿ ಜಗುಲಿಯಲ್ಲಿ ಒಂದು ಬಲ್ಬಿನ ಕೆಳಗೆ ಎಲ್ಲರೂ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾರೆ. ಅಂಗಳದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತದೆ, ಚೊಗರಿನ ವಾಸನೆ, ಒಲೆಯ ಕೆಂಪು. ಆ ಬೆಳಕಿನಲ್ಲಿ ನಮ್ಮ ದೊಡ್ಡ ಲೆನ್ಸು ಒಡೆಯದೆ ಇದ್ದಿದ್ದರೂ ಕುರುಡು. ಅದರ ಬಾಯಿ ಹೆಚ್ಚೆಂದರೆ ಎಫ್ 5.6ರಷ್ಟು ತೆರೆಯುತ್ತದೆ; 50ರದ್ದು ಎಫ್ 1.8. ಲೆಕ್ಕ ಹಾಕಿದರೆ ಸಣ್ಣ ಲೆನ್ಸು ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅಪ್ಪ ಅಡಿಕೆ ಸುಲಿಯುತ್ತ ತಲೆ ಎತ್ತಿ ನಕ್ಕದ್ದು, ಬೆಳಗಿನ ಜಾವ ಚಪ್ಪರದ ಮೇಲೆ ಅಡಿಕೆ ಹರಡಿದ್ದು, ಅಡುಗೆಮನೆಯ ಹೊಗೆಗಂಡಿಯಿಂದ ಬಂದ ಬಿಸಿಲಕೋಲು, ಕೊನೆಯ ದಿನ ಬಾಗಿಲಿಗೆ ಕೈಯಿಟ್ಟು ನಿಂತದ್ದು, ಎಲ್ಲ ಆ ಸಣ್ಣ ಲೆನ್ಸಿನಲ್ಲೇ ಬಂತು.

2021ರಲ್ಲಿ ಅಪ್ಪ ತೀರಿಕೊಂಡರು. ಭಾರತಕ್ಕೆ ಮಾಮೂಲಿ ವಿಮಾನಗಳು 2020ರ ಮಾರ್ಚಿನಲ್ಲಿ ನಿಂತಿದ್ದವು, ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ನಡುವೆ ಇದ್ದ ವಿಶೇಷ ವಿಮಾನಗಳಲ್ಲಿ ನಮಗೆ ಸಮಯಕ್ಕೆ ಜಾಗ ಸಿಗಲಿಲ್ಲ, ಹೋಗಲಾಗಲಿಲ್ಲ. ಈಗ ನಮ್ಮ ಮನೆಗೆ ಬಂದವರು ಊಟದ ಮೇಜಿನ ಎದುರಿಗಿರುವ ಆ ಫೋಟೋ ನೋಡಿ, "ಯಾವ ಲೆನ್ಸಿನಲ್ಲಿ ತೆಗೆದದ್ದು?" ಎಂದು ಕೇಳುತ್ತಾರೆ. ಚಪಾತಿ ಚೀಲದಲ್ಲಿ ಬಂದ ಲೆನ್ಸು ಎನ್ನುತ್ತೇವೆ.

ಆ ಪ್ರಯಾಣದಿಂದ ಬಂದ ಮೇಲೆ ನಾವು ಚೀಲದ ಬಗ್ಗೆ ಸ್ವಲ್ಪ ಓದಿದೆವು. ಆಗ ಒಂದು ವಿಷಯ ಗಮನಕ್ಕೆ ಬಂತು. ಹೆಸರುವಾಸಿಯಾದ ಕ್ಯಾಮೆರಾ ಚೀಲಗಳು ಹುಟ್ಟಿದ್ದು ಭಾರ ಹೊತ್ತು ಬೇಸತ್ತವರಿಂದ. ಲೋಪ್ರೋ ಕಂಪನಿಯನ್ನು 1967ರಲ್ಲಿ ಶುರುಮಾಡಿದ ಗ್ರೆಗ್ ಲೋ ಬಂಡೆ ಹತ್ತುವವನು, ಬೆನ್ನುಚೀಲಗಳನ್ನು ರೂಪಿಸಿದವನು. ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಫೋಟೋಗ್ರಾಫರ್ ಜಿಮ್ ಡಾಮ್ಕಿ 1970ರ ದಶಕದಲ್ಲಿ ಪೆಟ್ಟಿಗೆಯಂಥ ಚೀಲಗಳಿಂದ ರೋಸಿಹೋಗಿ ಮೆತ್ತನೆಯ ಕ್ಯಾನ್ವಾಸ್ ಚೀಲ ಮಾಡಿದ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ 1973ರಲ್ಲಿ ಮೀನು ಹಿಡಿಯುವವರಿಗೆ ಚೀಲ ಹೊಲಿಯಲು ಶುರುಮಾಡಿದ ಕಂಪನಿ. ನ್ಯೂಯಾರ್ಕಿನ ಫೋಟೋಗ್ರಾಫರುಗಳು ಆ ಮೀನಿನ ಚೀಲಗಳನ್ನು ಕ್ಯಾಮೆರಾಕ್ಕೆ ಕೊಳ್ಳುತ್ತಿದ್ದಾರೆಂದು ತಿಳಿದ ಮೇಲೆ ಕ್ಯಾಮೆರಾ ಚೀಲಕ್ಕೆ ಕೈಹಾಕಿದರು. 2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಥಿಂಕ್ ಟ್ಯಾಂಕ್ ಕಂಪನಿಯಲ್ಲಿ ಇಬ್ಬರು ಚೀಲ ರೂಪಿಸುವವರಾದರೆ ಇಬ್ಬರು ಪತ್ರಿಕಾ ಫೋಟೋಗ್ರಾಫರುಗಳು. ಅಂದರೆ ಚೀಲವನ್ನು ಅಂಗಡಿಯ ಶೆಲ್ಫಿನಲ್ಲಿ ನೋಡಿ ಆರಿಸುವುದಲ್ಲ, ಹೊತ್ತು ನೋಡಿ ಆರಿಸುವುದು.

ನಾವು ಹಾಗೇ ಮಾಡಿದೆವು, ಆದರೂ ಒಮ್ಮೆ ಎಡವಿದೆವು. ನಾಲ್ಕನೆಯದು ದೊಡ್ಡ ಬೆನ್ನುಚೀಲ. ಹೊರಲು ಸುಖವಾಗಿತ್ತು. ಆದರೆ ಅದರ ಬಾಯಿ ಮುಂಭಾಗದಲ್ಲಿ. ಕ್ಯಾಮೆರಾ ಬೇಕೆಂದರೆ ಚೀಲವನ್ನು ಬೆನ್ನು ಕೆಳಗಾಗಿ ನೆಲಕ್ಕೆ ಮಲಗಿಸಬೇಕು. ಕೆಸರು ಮೆತ್ತಿದ ಪಟ್ಟಿಗಳನ್ನು ಮತ್ತೆ ಅಂಗಿಯ ಮೇಲೆ ಹಾಕಿಕೊಳ್ಳಬೇಕು! ಹಿಂದೆ ನಿಂತವರು ನಮಗೆ ಗೊತ್ತಾಗದ ಹಾಗೆ ಜಿಪ್ ಎಳೆಯಲೂಬಹುದು. ಒಂದು ವರ್ಷಕ್ಕೆ ಅದೂ ನೆಲಮಾಳಿಗೆ ಸೇರಿತು.

ಐದನೆಯದನ್ನು ಆರಿಸುವಾಗ ಮೊದಲು ಚೀಲ ನೋಡಲೇ ಇಲ್ಲ. ಅಡುಗೆಮನೆಯ ತಕ್ಕಡಿ ತಂದು ಊಟದ ಮೇಜಿನ ಮೇಲಿಟ್ಟು, ಒಂದೊಂದು ಸಾಮಾನನ್ನೂ ತೂಗಿ ಕಾಗದದ ಮೇಲೆ ಬರೆದೆವು. ಪಕ್ಕದಲ್ಲಿ, ಹಿಂದಿನ ಮೂರು ಪ್ರವಾಸಗಳಲ್ಲಿ ಅದರಿಂದ ತೆಗೆದ ಎಷ್ಟು ಚಿತ್ರಗಳನ್ನು ನಿಜವಾಗಿ ಉಳಿಸಿಕೊಂಡಿದ್ದೇವೆ ಎಂದು ಬರೆದೆವು. ಆ ಕಾಗದ ನೋಡಿದರೆ ನಾಚಿಕೆಯಾಗುವಂತಿತ್ತು. ಹೊತ್ತ ಭಾರದಲ್ಲಿ ಅರ್ಧದಷ್ಟು ಸಾಮಾನು ಬರೀ ಧೈರ್ಯಕ್ಕೆಂದು ಹೊತ್ತದ್ದು. ಒಂದು ಕ್ಯಾಮೆರಾ, ಒಂದು ದೂರದ ಲೆನ್ಸು, ಆ 50ರದ್ದು, ಇಷ್ಟು ಸಾಕೆಂದು ಗೆರೆ ಎಳೆದೆವು. ಡಿ850 ರಿಪೇರಿಯಾಗಿ ಬಂದಿತ್ತು. ಒಡೆದ ಲೆನ್ಸಿನ ಬದಲು 2019ರಲ್ಲಿ ನಿಕಾನಿನ 500ರ ಪಿಎಫ್ ಲೆನ್ಸು ಕೊಂಡೆವು. ಅದು 1460 ಗ್ರಾಂ, ಹಳೆಯದಕ್ಕಿಂತ 840 ಗ್ರಾಂ ಕಡಿಮೆ. ಮೂರೂ ಸೇರಿ 2 ಕಿಲೋ 650 ಗ್ರಾಂ. ಇಷ್ಟಾದ ಮೇಲೆ, ಈ ಮೂರಕ್ಕೆ ತಕ್ಕ ಚೀಲ ಹುಡುಕಿದೆವು. ಖಾಲಿ ಖಾನೆ ಉಳಿಯದ ಚೀಲ!

ಬೆಟ್ಟ ಹತ್ತುವವರ ಸಾಮಾನಿನ ಅಂಗಡಿಗೆ ನಮ್ಮ ಸಾಮಾನನ್ನೇ ತೆಗೆದುಕೊಂಡು ಹೋದೆವು. ಅಲ್ಲಿಯ ಹುಡುಗಿ ಮೊದಲು ನಮ್ಮ ಬೆನ್ನು ಅಳೆದಳು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ. ನೀವು ಎತ್ತರವೋ ಕುಳ್ಳೋ ಮುಖ್ಯವಲ್ಲ, ಆ ಅಳತೆ ಮುಖ್ಯ. ನಮ್ಮಿಬ್ಬರಲ್ಲಿ ಕುಳ್ಳಗಿರುವವರ ಬೆನ್ನೇ ಉದ್ದ ಎಂದು ಆ ದಿನ ಗೊತ್ತಾಯಿತು! ಸಾಮಾನು ತುಂಬಿದ ಚೀಲ ಹಾಕಿಕೊಂಡು ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿಯಬೇಕು. ಆಮೇಲೆ ಹೆಗಲಿನ ಪಟ್ಟಿ, ಕೊನೆಗೆ ಎದೆಯದು. ಭಾರವಾದ ಸಾಮಾನು ಬೆನ್ನಿಗೆ ಹತ್ತಿರ ಇರಬೇಕು; ಹೊರಕ್ಕೆ ಹೋದಷ್ಟೂ ಹಿಂದಕ್ಕೆ ಎಳೆಯುತ್ತದೆ. ಹಾಗೆ ಹಾಕಿಕೊಂಡು ಅಂಗಡಿಯಲ್ಲಿ ಅರ್ಧ ಗಂಟೆ ಸುತ್ತಾಡಿದೆವು. ಮೊದಲ ಐದು ನಿಮಿಷ ಎಲ್ಲ ಚೀಲಗಳೂ ಸುಖವಾಗಿಯೇ ಇರುತ್ತವೆ, ಹೊಸ ಚಪ್ಪಲಿಯ ಹಾಗೆ.

ಕೊಂಡದ್ದರ ಬಾಯಿ ಬೆನ್ನಿಗೆ ತಾಗುವ ಕಡೆ ಇದೆ. ಹಾಕಿಕೊಂಡಿರುವಾಗ ಯಾರೂ ತೆರೆಯಲಾರರು. ಸೊಂಟದ ಪಟ್ಟಿ ಬಿಚ್ಚದೆ ಮುಂದಕ್ಕೆ ತಿರುಗಿಸಿಕೊಂಡರೆ ಹೊಟ್ಟೆಯ ಮೇಲೆ ಮೇಜಿನ ಹಾಗೆ ನಿಲ್ಲುತ್ತದೆ, ನೆಲಕ್ಕೆ ಇಡುವುದೇ ಬೇಡ. ಮಣ್ಣಿನ ಬಣ್ಣ, ಹೆಸರು ಎಲ್ಲೂ ಎದ್ದು ಕಾಣುವುದಿಲ್ಲ. ಮಳೆಗೆ ಟೋಪಿಯಂಥ ಹೊದಿಕೆ ಇದೆ. ಚೀಲದ ಬಟ್ಟೆ ನೀರು ತಡೆದರೂ ಜಿಪ್ಪಿನ ಹೊಲಿಗೆಯಲ್ಲಿ ನೀರು ಇಳಿಯುತ್ತದಾದ್ದರಿಂದ ಮಲೆನಾಡಿಗೆ ಹೋಗುವವರು ಹೊದಿಕೆ ಇಲ್ಲದ್ದನ್ನು ಕೊಳ್ಳಬೇಡಿ. ಖಾಲಿ ಚೀಲ 1 ಕಿಲೋ 400 ಗ್ರಾಂ. ಬ್ಯಾಟರಿ, ಚಾರ್ಜರು ಸೇರಿ ಎಲ್ಲ ತುಂಬಿದರೆ ನಾಲ್ಕೂವರೆ ಕಿಲೋ. ಹಳೆಯ ಚಕ್ರದ ಚೀಲ ಬರಿದಾಗಿದ್ದಾಗಿನ ತೂಕ! ಈಗ ಯಾವ ತಕ್ಕಡಿಗೂ ನಾವು ಹೆದರುವುದಿಲ್ಲ.

ಬೆಲೆಯ ಮಾತು. ಚೀಲ ಅಗ್ಗವಾಗಿರಲಿಲ್ಲ. ಆದರೆ ಲೆನ್ಸಿಗೆ ಸಾವಿರಗಟ್ಟಲೆ ಸುರಿದು ಚೀಲಕ್ಕೆ ಚೌಕಾಸಿ ಮಾಡಿದರೆ ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದ ಹಾಗೆ. ಹಿಂದಿನ ಮೂರು ಚೀಲಗಳ ಬೆಲೆ ಕೂಡಿಸಿದರೆ ಈ ಐದನೆಯದನ್ನು ಎರಡು ಸಲ ಕೊಳ್ಳಬಹುದಿತ್ತು.

ಊರಿಗೆ ಹೊರಡುವವರಿಗೆ ಇನ್ನೆರಡು ಮಾತು. ಹೊರಡುವ ಮೊದಲು ಇಲ್ಲಿಯ ಕಸ್ಟಮ್ಸ್ ಕಚೇರಿಗೆ ಸಾಮಾನು ತೆಗೆದುಕೊಂಡು ಹೋಗಿ 4457 ನಂಬರಿನ ಫಾರಂನಲ್ಲಿ ಕ್ಯಾಮೆರಾ, ಲೆನ್ಸುಗಳ ಸೀರಿಯಲ್ ನಂಬರು ಬರೆಸಿ ಮುದ್ರೆ ಹಾಕಿಸಿಕೊಳ್ಳಿ. ಹಿಂದೆ ಬರುವಾಗ "ಇದನ್ನು ಹೊರಗೆ ಕೊಂಡದ್ದೇ?" ಎಂಬ ಪ್ರಶ್ನೆಗೆ ಅದೇ ಉತ್ತರ. ಆ ನಂಬರುಗಳು ವಿಮೆಗೂ ಬೇಕಾಗುತ್ತವೆ. ಮನೆಯ ವಿಮೆಯಲ್ಲಿ ಕ್ಯಾಮೆರಾ ಪ್ರಯಾಣದಲ್ಲೂ ಸೇರುತ್ತದೆಯೇ ಎಂದು ಏಜೆಂಟರನ್ನು ಮೊದಲೇ ಕೇಳಿ. ನಾವು ಆಮೇಲೆ ಕೇಳಿದೆವು.

ಇನ್ನೊಂದು, ಚೀಲ ಪ್ರಯಾಣಕ್ಕೆ ಮಾತ್ರ, ವಾಸಕ್ಕಲ್ಲ. ಊರಿನಲ್ಲಿ ಅಣ್ಣನ ಮನೆಯಲ್ಲಿ ಬಿಟ್ಟುಬಂದ ಒಂದು ಲೆನ್ಸು ಎರಡು ಮಳೆಗಾಲ ಚೀಲದೊಳಗೇ ಇದ್ದು, ತೆಗೆದು ನೋಡಿದಾಗ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಕತ್ತಲೆ, ತೇವ, ನಿಂತ ಗಾಳಿ ಮೂರೂ ಕೂಡಿದರೆ ಅದಕ್ಕೆ ಹಬ್ಬ. ಗಾಳಿಯಾಡದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ.

2023ರ ಜನವರಿಯಲ್ಲಿ, ಐದು ವರ್ಷ ತಡವಾಗಿ, ರಂಗನತಿಟ್ಟಿಗೆ ಹೋದೆವು. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಮಹಾರಾಜರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ. ಕಾವೇರಿಯಲ್ಲಿ ಹುಟ್ಟು ಹಾಕುವ ದೋಣಿ, ಅದರಲ್ಲಿ ಮಕ್ಕಳು ಮರಿ ಸೇರಿ ತುಂಬ ಜನ. ಚಕ್ರದ ಚೀಲವನ್ನಾಗಲಿ ಟ್ರೈಪಾಡನ್ನಾಗಲಿ ಇಡಲು ಅಲ್ಲಿ ಜಾಗವೆಲ್ಲಿ? ಚೀಲ ತೊಡೆಯ ಮೇಲೆ ಕೂತಿತು, ಅದರ ಮೇಲೆ ಲೆನ್ಸು ಕೂತಿತು. ದೋಣಿ ಅಲ್ಲಾಡಿದರೂ ಚೀಲ ದಿಂಬಿನ ಹಾಗೆ ಹಿಡಿದುಕೊಂಡಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲ ಸಿಕ್ಕವು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗಳನ್ನು ಹಿಡಿದುಕೊಂಡು ಮೊಸಳೆ ನೋಡಿ ಬಾಯಿ ಬಿಟ್ಟಾಗ, 50ರ ಲೆನ್ಸು ಹಾಕಿ ಅವರದೂ ಒಂದು ತೆಗೆದೆವು. ಆ ಪ್ರವಾಸದ ಒಳ್ಳೆಯ ಚಿತ್ರ ಅದೇ.

ಆದ್ದರಿಂದ, ಯುಗಾದಿಯ ದಿನ ಕೇಳಿದ ಹುಡುಗನಿಗೆ ನಮ್ಮ ಉತ್ತರ ಇದು. ಎಲ್ಲಾ ಹಿಡಿಸುವ ಚೀಲ ಹುಡುಕಬೇಡಪ್ಪ. ಯಾರ ಫೋಟೋ ತೆಗೆಯಲು ಹೋಗುತ್ತಿದ್ದೀಯ, ಅವರು ನಿನ್ನಿಂದ ಎಷ್ಟು ದೂರ ಕೂತಿರುತ್ತಾರೆ, ಅದನ್ನು ಮೊದಲು ಯೋಚಿಸು. ಏನನ್ನು ಮನೆಯಲ್ಲಿ ಬಿಟ್ಟುಹೋಗಬೇಕೆಂಬುದು ಆಗ ತಾನೇ ತಿಳಿಯುತ್ತದೆ. ಉಳಿದದ್ದಕ್ಕೆ ಚೀಲ ಹೊಲಿಯುವವರು ಬೇಕಾದಷ್ಟು ಜನ ಇದ್ದಾರೆ.

ನಮ್ಮ ನೆಲಮಾಳಿಗೆಯ ಮೂರು ಚೀಲಗಳು ಸದಸ್ಯರ ಸೇವೆಗೆ ಸಿದ್ಧವಾಗಿವೆ. ಬೇಕಾದವರು ಬಂದು ಹಾಕಿಕೊಂಡು ನೋಡಬಹುದು, ಪ್ರವಾಸಕ್ಕೆ ಒಯ್ಯಬಹುದು. ಚಕ್ರದ್ದಕ್ಕೆ ಒಂದು ಚಕ್ರ ಇಲ್ಲ, ಮೊದಲೇ ಹೇಳಿದ್ದೇವೆ. ಬರುವಾಗ ನಿಮ್ಮ ಕ್ಯಾಮೆರಾ ಸಾಮಾನನ್ನೂ ತನ್ನಿ. ಅಡುಗೆಮನೆಯ ತಕ್ಕಡಿ ಇಲ್ಲೇ ಇದೆ. ಕಾಫಿಯೂ ಇದೆ.